ಘಾಟು ಏಳದ ಮೆಣಸಿನಕಾಯಿ

ನಿನ್ನೆ ಎದುರುಮನೆಯವರು ಒಲೆಗೆ ಮೆಣಸಿನಕಾಯಿ ಹಾಕಿ ಕೂಸಿಗೆ ದೃಷ್ಟಿ ತೆಗೆದರು. ಹೊಗೆ ನಮ್ಮ ಪಡಸಾಲೆಗೂ ಬಂತು. ನನಗೆ ಕೆಮ್ಮಿಗಿಂತ ಮೊದಲು ಭಯ ಬಂತು. ಇಷ್ಟು ವರ್ಷವಾದರೂ ಹಾಗೆಯೇ...

ಆಗ ನಾವು ಬ್ಯಾಡಗಿಯಲ್ಲಿದ್ದೆವು. ಪಕ್ಕದ ಮನೆಯ ಅಕ್ಕನೂ ನಾನೂ ಒಂದೇ ರಾಶಿಯ ಮುಂದೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ನನ್ನ ಆರು ತಿಂಗಳ ಮಗಳೆಂದರೆ ಜೀವ. ಒಂದು ಬೆಳಿಗ್ಗೆ ಮಗಳ ಗಲ್ಲ ಹಿಡಿದು, "ಎಷ್ಟ ಚಂದ ಆಗೇತಿ ಕೂಸು!" ಎಂದಳು. ಮಧ್ಯಾಹ್ನಕ್ಕೆ ಮಗುವಿನ ಮೈ ಸುಡತೊಡಗಿತು.

ಹಿಂದಿನ ಸಂಜೆ ರಾಣೆಬೆನ್ನೂರಿನಿಂದ ಥಂಡಿ ಗಾಳಿಯಲ್ಲಿ ಬೈಕಿನ ಮೇಲೆ ಕೂಸನ್ನು ಕರೆತಂದವಳು ನಾನೇ. ಅತ್ತೆ ಬೇಡವೆಂದಿದ್ದರು.

ಅತ್ತೆ ದೃಷ್ಟಿ ತೆಗೆಯಲು ನಿಂತರು. ಒಲೆಗೆ ಹಾಕಿದಾಗ ಘಾಟು ಎದ್ದರೆ ಏನೂ ಇಲ್ಲ, ಏಳದಿದ್ದರೆ ಯಾರದೋ ಕಣ್ಣು ತಗುಲಿದೆಯೆಂದು ಲೆಕ್ಕ. ಇದಕ್ಕೆಂದೇ ಡಬ್ಬಿಯಲ್ಲಿ ಗುಂಟೂರಿನ ಖಾರದ ಕಾಯಿ ಇರುತ್ತಿತ್ತು. ಅವತ್ತು ಡಬ್ಬಿ ಖಾಲಿ. ಗಾಬರಿಯಲ್ಲಿ ರಾಶಿಯಿಂದ ನಮ್ಮೂರಿನ ಕಾಯಿಯನ್ನೇ ಹಿಡಿ ತುಂಬ ಕೊಟ್ಟೆ. ಬಣ್ಣ ಹೆಚ್ಚು, ಖಾರ ಅಷ್ಟಕ್ಕಷ್ಟೇ. ಮೇಲಾಗಿ ತೊಟ್ಟು ಬಿಡಿಸಲೆಂದು ನೀರು ಚಿಮುಕಿಸಿದ್ದು. ಯಾರೂ ಕೆಮ್ಮಲಿಲ್ಲ.

"ನೋಡಿದೇನ? ಅಕೀದು ಪಾಪಿ ಕಣ್ಣ," ಎಂದರು ಅತ್ತೆ.

ಬೇರೆ ಕಾಯಿ ಕೊಟ್ಟೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗೆಂದರೆ ಬೈಕಿನ ಮಾತು ಬರುತ್ತದೆ, ತಪ್ಪು ನನ್ನ ತಲೆಗೆ ಬರುತ್ತದೆ... ಸುಮ್ಮನಿದ್ದುಬಿಟ್ಟೆ.

ಹಾವೇರಿಯ ಡಾಕ್ಟರು ಕೊಟ್ಟ ಔಷಧಿಗೆ ಎರಡೇ ದಿನದಲ್ಲಿ ಜ್ವರ ಇಳಿಯಿತು. ಓಣಿಯ ಬಾಯಿ ಮಾತ್ರ ಮುಚ್ಚಲಿಲ್ಲ. ಅಕ್ಕ ಬಂದರೆ ತಾಯಂದಿರು ಕೂಸುಗಳ ಮೇಲೆ ಸೆರಗು ಎಳೆಯುತ್ತಿದ್ದರು. ನಾನೂ ಎಳೆದೆ. ನಾಚಿಕೆಗೆಟ್ಟವಳು!

ಒಂದು ಸಂಜೆ ಅವಳು ಹಿತ್ತಲ ಬಾಗಿಲಿಗೆ ಬಂದಳು. ಮುಖ ಎತ್ತದೆ ಕೇಳಿದಳು: "ತಂಗಿ, ಖರೇ ಹೇಳ. ನನ್ನ ಕಣ್ಣಾಗ ಪಾಪ ಐತೇನು? ನನಗ ನಾನ ಅಂಜಾಕತ್ತೇನಿ."

"ನನಗೇನ ಗೊತ್ತ ಯಕ್ಕಾ," ಎಂದು ಬಾಗಿಲು ಹಾಕಿಕೊಂಡೆ.

ಆಮೇಲೆ ಅವಳು ಕರ್ಜಗಿಯ ತವರಿಗೆ ಹೋದಳು. ಅಲ್ಲಿಯೂ ಸಾಯುವವರೆಗೆ ಯಾವ ಮಗುವಿನ ಮುಖವನ್ನೂ ನೋಡಲಿಲ್ಲವಂತೆ...

ಪಾಪಿಗಳೆಂದರೆ ಬೇರೆಯೇ ಜಾತಿಯ ಜನ ಎಂದುಕೊಂಡಿದ್ದೆ. ಅತ್ತೆ ಕೆಟ್ಟವರಲ್ಲ, ಓಣಿಯವರೂ ಅಲ್ಲ. ನಾನೂ ಅಲ್ಲ ಎಂದು ಹೇಳಿಕೊಳ್ಳಲು ಹೋದರೆ ಆ ಹಿತ್ತಲ ಬಾಗಿಲು ನೆನಪಾಗುತ್ತದೆ.

ನಿನ್ನೆ ಎಲ್ಲವನ್ನೂ ಮಗಳಿಗೆ ಹೇಳಿದೆ. ಅವಳ ತೊಡೆಯ ಮೇಲೆ ಅವಳ ಕೂಸು ಮಲಗಿತ್ತು.

"ಯಾಕವ್ವಾ, ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಅಂಜಿಕಿ ಆತು."

"ಅಷ್ಟಕ್ಕ?"

ಹೌದು, ಅಷ್ಟಕ್ಕೇ.