ಒಗ್ಗರಣೆ ಇಲ್ಲದ ಬೇಳೆ

ಹೋದ ತಿಂಗಳು ಡಾಕ್ಟರು ನಮ್ಮ ಯಜಮಾನರ ಎದೆ ಪರೀಕ್ಷೆ ಮಾಡಿ, ಇನ್ನು ಮೇಲೆ ಎಣ್ಣೆ ಮುಟ್ಟಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಮನೆಗೆ ಬಂದವಳೇ ತೊಗರಿಬೇಳೆ ಕುದಿಸಿ, ಉಪ್ಪು ಅರಿಸಿನ ಹಾಕಿ, ಒಗ್ಗರಣೆ ಇಲ್ಲದೆ ಹಾಗೇ ಇಳಿಸಿದೆ. ಮುಚ್ಚಳ ತೆಗೆದಾಗ ಬರೀ ಬೇಳೆಯ ವಾಸನೆ ಅಡುಗೆಮನೆ ತುಂಬಿತು. ಯಜಮಾನರು ತಟ್ಟೆ ನೋಡಿ, "ನಾ ಇನ್ನೂ ಇದ್ದೇನಲ್ಲ, ಸತ್ತವರ ಮನಿ ಬ್ಯಾಳಿ ಯಾಕ ನೀಡಿದಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎದುರುಮನೆಯ ಅತ್ತೆ ನೆನಪಾದರು...

ಅವರು ನನಗೆ ರಕ್ತಸಂಬಂಧದ ಅತ್ತೆಯಲ್ಲ. ನಾನು ಉಣಕಲ್ಲಿನ ಈ ಓಣಿಗೆ ಸೊಸೆಯಾಗಿ ಬಂದ ದಿನವೇ ನಮ್ಮತ್ತೆ ಎದುರು ಬಾಗಿಲಿನ ಕಡೆ ಕೈ ತೋರಿಸಿ, "ನಾ ಇಲ್ಲದಾಗ ಅವರ ಮಾತು ಕೇಳು" ಎಂದಿದ್ದರು. ಆಗಲೇ ಉಣಕಲ್ಲು ಹುಬ್ಬಳ್ಳಿ ಶಹರಕ್ಕೆ ಸೇರಿತ್ತು. ಆದರೆ ಅದು ಕಾಗದದಲ್ಲಷ್ಟೇ, ಓಣಿಗೆ ಯಾರೂ ತಿಳಿಸಿದಂತಿರಲಿಲ್ಲ. ಬೆಳಗಾದರೆ ಎಮ್ಮೆಗಳು ಕೆರೆಯ ಕಡೆ ಹೊರಡುತ್ತಿದ್ದವು, ಅವುಗಳ ಹಿಂದೆಯೇ ಗಂಡಸರು ಸೈಕಲ್ ಹತ್ತಿ ಕಾರ್ಖಾನೆಗೆ ಹೋಗುತ್ತಿದ್ದರು. ಅರ್ಧ ಮಂದಿಗೆ ಹೊಲ, ಅರ್ಧ ಮಂದಿಗೆ ಪಗಾರ. ಜಗಳವಂತೂ ಎಲ್ಲರಿಗೂ ಇತ್ತು, ಅದರಲ್ಲೂ ನಳದ ಮುಂದೆ.

ಆ ಜಗಳವೆಲ್ಲ ಒಂದು ದಿನ ಮಾತ್ರ ಬಾಯಿ ಮುಚ್ಚುತ್ತಿತ್ತು, ಓಣಿಯಲ್ಲಿ ಸಾವಾದ ದಿನ. ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ, ಓಣಿಯೇ ಉಣಿಸಬೇಕು. ಆ ಉಸಾಬರಿ ಪೂರ್ತಿ ಎದುರುಮನೆಯ ಅತ್ತೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯ ನಡುವೆ ನಿಂತು, "ನೀ ರೊಟ್ಟಿ ಬಡಿ, ಬ್ಯಾಳಿ ನಿಮ್ಮನ್ಯಾಗ ಆಗ್ಲಿ, ಕೂಸುಗೋಳಿಗೆ ಹಾಲು ನೀ ಕಾಸಿ ತಾ" ಎಂದು ಹಂಚಿಬಿಡುತ್ತಿದ್ದರು. ಯಾರ ಮನೆಯದನ್ನು ಯಾರು ತಿನ್ನುತ್ತಾರೆ, ಯಾರು ಮುಟ್ಟುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೆ ತಕ್ಕಂತೆ ಹಂಚುತ್ತಿದ್ದರೇ ಹೊರತು ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬೇಳೆಗೆ ಮಾತ್ರ ಒಗ್ಗರಣೆ ಕೂಡದು. ಯಾಕೆಂದು ನಾನೊಮ್ಮೆ ಕೇಳಿದ್ದೆ. "ಒಗ್ಗರಣಿ ಚುರ್ ಅನ್ನೋ ಸಪ್ಪಳ ಆ ಮನಿಗೆ ಕೇಳಬಾರದವಾ" ಎಂದಿದ್ದರು.

ಊಟ ಒಯ್ದು ಇಟ್ಟು ಬರುವವರ ಪೈಕಿ ಅವರಲ್ಲ. ಯಾರಿಗೆ ಹೆಚ್ಚು ನೋವೋ ಅವರ ಎದುರಿಗೇ ಕುಳಿತುಬಿಡುತ್ತಿದ್ದರು. ಒಂದು ತುತ್ತು ಗಂಟಲಿನಲ್ಲಿ ಇಳಿಯುವವರೆಗೆ ಏಳುತ್ತಿರಲಿಲ್ಲ.

ಇದು ನಾನು ಕೇಳಿದ ಮಾತಲ್ಲ. ನನ್ನ ಮೊದಲ ಕೂಸು ಎಂಟು ತಿಂಗಳಿನದು, ಮೂರು ದಿನದ ಜ್ವರದಲ್ಲಿ ಹೋಯಿತು. ಮಣ್ಣು ಮಾಡಿ ಬಂದರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ, ಎದೆಯಲ್ಲಿ ಹಾಲು ಕಟ್ಟಿ ರವಿಕೆ ತೊಯ್ದಿತ್ತು. ಎದುರುಮನೆಯ ಅತ್ತೆ ಊಟದ ಡಬ್ಬಿ ತಂದು ಪಕ್ಕದಲ್ಲಿ ಕುಳಿತರು. ದೇವರು ಒಯ್ದ, ಮತ್ತೊಂದು ಆಗುತ್ತದೆ ಎಂದೆಲ್ಲ ಬಂದವರು ಹೇಳುವ ಮಾತು ಅವರು ಹೇಳಲಿಲ್ಲ. "ನೀ ತಿನ್ನೂತನಕಾ ನಾ ಏಳಂಗಿಲ್ಲ" ಎಂದರು, ಅಷ್ಟೇ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಕುಳಿತೇ ಇದ್ದರು. ಕೊನೆಗೆ ಅವರ ಮೇಲಿನ ಸಿಟ್ಟಿಗೇ ಎದ್ದು ಒಂದು ತುತ್ತು ತಿಂದೆ. ಆಮೇಲೆ ಅಳು ಬಂತು. ಆ ದಿನ ಆ ತುತ್ತು ಇಳಿಯದೆ ಹೋಗಿದ್ದರೆ ನಾನು ಉಳಿಯುತ್ತಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ.

ವರ್ಷಗಳು ಹೋದವು. ದೊಡ್ಡ ರಸ್ತೆ ಅಗಲ ಮಾಡುವಾಗ ಓಣಿಯ ಬಾಯಲ್ಲಿದ್ದ ಮನೆಗಳು ಮುಂದಿನ ಕಟ್ಟೆ, ಪಡಸಾಲೆ ಕಳೆದುಕೊಂಡವು. ಎಮ್ಮೆ ಕಟ್ಟುವ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು. ಹೊಸಬರು ಬಂದರು. ಪಾಪ, ಒಳ್ಳೆಯವರೇ, ಆದರೆ ನಾವು ಯಾರೆಂದು ಅವರಿಗೆ ಗೊತ್ತಿಲ್ಲ, ಅವರು ಯಾರೆಂದು ನಮಗೂ ಗೊತ್ತಿಲ್ಲ.

ಆ ಹೊತ್ತಿಗೇ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಹೆಸರು ಮರೆತರು, ಆಮೇಲೆ ಹಾದಿ ಮರೆತರು. ರೊಟ್ಟಿ ಬಡಿಯುವುದನ್ನು ಮಾತ್ರ ಕೈ ಮರೆಯಲಿಲ್ಲ. ಒಂದು ದಿನ ಡಬ್ಬಿ ಹಿಡಿದು, ಯಾರೂ ಸಾಯದ ಮನೆಯ ಬಾಗಿಲಿಗೆ ಹೋಗಿ ನಿಂತರು. ಆಮೇಲೆ ಅದೇ ರೂಢಿಯಾಯಿತು. ಓಣಿಯ ಹಳೆಯ ಮನೆಯವರು ಅತ್ತೆಯ ಸ್ವಭಾವ ಬಲ್ಲವರಾದ್ದರಿಂದ ಡಬ್ಬಿ ತೆಗೆದುಕೊಂಡು ಕಳಿಸಲು ನೋಡಿದರು. ಆದರೆ ಅವರು ಹೋಗಬೇಕಲ್ಲ! ಎದುರಿಗೆ ಕುಳಿತು ತಿನ್ನು ಅನ್ನುತ್ತಾರೆ. ಗಂಡ ಮಕ್ಕಳು ಕಣ್ಣೆದುರು ಓಡಾಡುತ್ತಿರುವಾಗ ಸಾವಿನ ಊಟದ ತುತ್ತು ಯಾರು ಬಾಯಿಗೆ ಇಡುತ್ತಾರೆ? ಗಂಡನನ್ನು ಆಪರೇಷನ್ನಿಗೆಂದು ದವಾಖಾನೆಗೆ ಸೇರಿಸಿದ್ದ ಬಾಡಿಗೆ ಮನೆಯ ಹೆಣ್ಣುಮಗಳೊಬ್ಬಳು ಇವರನ್ನು ಕಂಡು ಕಿರುಚಿ, ಡಬ್ಬಿಯನ್ನು ಓಣಿಗೆ ಎಸೆದಳು. ನಾನು ಅವಳನ್ನು ಬೈಯಲಾರೆ.

ಅತ್ತೆಯ ಮಗ ಶಾಲೆಯೊಂದರಲ್ಲಿ ಗುಮಾಸ್ತ, ಬಲು ಮೆತ್ತಗಿನ ಮನುಷ್ಯ. ಹಿಟ್ಟಿನ ಡಬ್ಬಿ ಬಚ್ಚಿಟ್ಟು ನೋಡಿದ. ಅತ್ತೆ ಮನೆ ಮನೆಗೆ ಹೋಗಿ ಹಿಟ್ಟು ಬೇಡಿದರು. "ಅಕ್ಕಾರ, ನಾ ಏನ್ ಮಾಡ್ಲಿ ಹೇಳ್ರಿ. ಕೀಲಿ ಹಾಕಿದ್ರ ಅಳ್ತಾಳ, ಬಿಟ್ರ ಮಂದಿ ಬೈತಾರ" ಎಂದು ನನ್ನ ಮುಂದೆ ಕಣ್ಣೀರು ಹಾಕಿದ. "ನನ್ನ ಹತ್ರ ಬಂದ್ರ ನಾ ಸಂಭಾಳಿಸ್ತೇನಿ ಬಿಡಪಾ" ಎಂದೆ. ದೊಡ್ಡದಾಗಿ ಹೇಳಿದೆ. ಅವರು ಉಣಿಸಿದ್ದನ್ನು ಉಂಡವಳಲ್ಲವೇ ನಾನು...

ಅವರು ನಮ್ಮ ಮನೆಗೆ ಬಂದಾಗ ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಬಿಳಿ ಅರಿವೆ ಕಟ್ಟಿದ ಡಬ್ಬಿ. ಅವರ ಕಣ್ಣು ತುಂಬಿತ್ತು. "ಎಂಥಾ ಹೊತ್ತು ಬಂತವಾ ನಿನಗ," ಎಂದರು. "ಕೂಸು ಹೋತಂತಲ್ಲ... ಏಳು, ಒಂದ್ ತುತ್ತು ತಿನ್ನು."

ಅವರಿಗೆ ಮನೆ ತಪ್ಪಿರಲಿಲ್ಲ, ಸಾವೂ ತಪ್ಪಿರಲಿಲ್ಲ. ಮೂವತ್ತು ವರ್ಷ ತಪ್ಪಿತ್ತು, ಅಷ್ಟೇ. ನನ್ನ ಆ ಕೂಸನ್ನು ನೆನೆಯುವವರು ಈ ಲೋಕದಲ್ಲಿ ಹೆತ್ತ ನಮ್ಮಿಬ್ಬರನ್ನು ಬಿಟ್ಟು ಇನ್ನೂ ಒಬ್ಬರಿದ್ದಾರೆ ಎಂದು ನನಗೆ ಅಂದೇ ಗೊತ್ತಾದದ್ದು. ಆದರೆ ಹಿಂದಿನಿಂದ ಮಗಳ ದನಿ ಬಂತು. "ಅವ್ವಾ, ಯಾರ ಕೂಸು? ಏನಂತಾರ ಅವರು?" ತಿರುಗಿ ನೋಡಿದೆ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು, ಮುಖ ಬಿಳಚಿತ್ತು.

"ನಮ್ಮನ್ಯಾಗ ಯಾರೂ ಸತ್ತಿಲ್ಲ, ಹೋಗ್ರಿ ಅತ್ಯಾರ!" ಎಂದು ಕೂಗಿದೆ. ಬಾಗಿಲು ಹಾಕಿ ಅಗುಳಿ ಜಡಿದೆ.

ಹೊರಗಿನಿಂದ ಸಮಾಧಾನದ ದನಿ ಕೇಳಿತು. "ಆಗ್ಲಿ ತಗೋ. ನೀ ತಿನ್ನೂತನಕಾ ಇಲ್ಲೇ ಕೂತಿರ್ತೇನಿ." ಕುಳಿತೇ ಇದ್ದರು, ಬಿಸಿಲಲ್ಲಿ, ನಮ್ಮ ಮೆಟ್ಟಿಲ ಮೇಲೆ. ನಾನು ಕಿಟಕಿಯಿಂದ ಮೂರು ಸಲ ನೋಡಿದೆ. ನೀರು ಕೊಡೋಣವೆಂದರೂ ಬಾಗಿಲು ತೆಗೆಯಬೇಕಿತ್ತು. ತೆಗೆಯಲಿಲ್ಲ. ಸಂಜೆ ಅವರ ಮಗ ಬಂದು ರಟ್ಟೆ ಹಿಡಿದು ಎಬ್ಬಿಸಿದಾಗ, "ಆಕಿ ಇನ್ನೂ ತಿಂದಿಲ್ಲೋ" ಎಂದು ಅತ್ತೆ ಅವನ ಜೊತೆ ಜಗಳವಾಡುತ್ತ ಹೋದರು.

ಮರುದಿನದಿಂದ ಅವರ ಮನೆಗೆ ಹೊರಗಿನಿಂದ ಕೀಲಿ ಬಿತ್ತು. ನಾನೇ ಕೈಬಿಟ್ಟ ಮೇಲೆ ಆ ಮಗನಾದರೂ ಇನ್ನೇನು ಮಾಡಿಯಾನು. ಅತ್ತೆ ಕಿಟಕಿಯ ಸರಳು ಹಿಡಿದು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ನಾನು ಹಿತ್ತಿಲ ಬಾಗಿಲಿನಿಂದ ಓಡಾಡಲು ಕಲಿತೆ. ಮಗಳು ಹೆತ್ತಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಕೂಸನ್ನು ತೋರಿಸಿ ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಧೈರ್ಯ ಬರಲಿಲ್ಲ. ಕೂಸಿಗೆ ಐದು ತಿಂಗಳಾದಾಗ ಅತ್ತೆ ಹೋದರು.

ಅಂದು ನಾನು ಬೇಳೆ ಕುದಿಸಿದೆ, ರೊಟ್ಟಿ ಬಡಿದೆ. ಎದುರುಮನೆಗೆ ಒಯ್ದಾಗ ಹೋಟೆಲಿನಿಂದ ಯಾರೋ ತರಿಸಿದ ಉಪ್ಪಿಟ್ಟಿನ ಪೊಟ್ಟಣಗಳು ಆಗಲೇ ಬಂದಿದ್ದವು. ಮಗ ಮೂಲೆಯಲ್ಲಿ ಕುಳಿತಿದ್ದ. "ಒಂದ್ ತುತ್ತು ತಿನ್ನಪಾ" ಎಂದೆ. "ಆಮ್ಯಾಲೆ ತಿಂತೇನಿ ಅಕ್ಕಾರ, ಇಟ್ಟು ಹೋಗ್ರಿ" ಎಂದ. ನೀ ತಿನ್ನುವವರೆಗೆ ನಾನು ಏಳುವುದಿಲ್ಲ ಎಂದು ಅವನ ಎದುರು ಕುಳಿತುಕೊಳ್ಳಬೇಕಿತ್ತು. ಆ ಮಾತು ಆಡುವ ಬಾಯಿ ನನಗೆಲ್ಲಿತ್ತು? ಇಟ್ಟು ಬಂದೆ.

ಈಗ ಆ ಮನೆ ಇಲ್ಲ. ಅಲ್ಲಿ ಮೂರು ಅಂತಸ್ತು ಎದ್ದಿದೆ, ಓದುವ ಹುಡುಗಿಯರು ಬಾಡಿಗೆಗಿದ್ದಾರೆ. ಹೋದ ವಾರ ಹಿಂದಿನ ಓಣಿಯಲ್ಲಿ ಸಾವಾದ ಸುದ್ದಿ ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ಕಿರಾಣಿ ಅಂಗಡಿಯಲ್ಲಿ. ಅವರಿಗೆ ಯಾರು ಉಣಿಸಿದರೋ, ನಾನು ಕೇಳಲಿಲ್ಲ.

ಮೊಮ್ಮಗನಿಗೆ ಆರು ತುಂಬಿದೆ, ರಜೆಗೆ ಬಂದರೆ ಮನೆ ತಲೆಕೆಳಗು ಮಾಡುತ್ತಾನೆ. ಅವನನ್ನು ನೋಡುವಾಗ ಎಷ್ಟೋ ಸಲ ಅಂದುಕೊಳ್ಳುತ್ತೇನೆ, ಇವನು ಹೊಟ್ಟೆಯಲ್ಲಿದ್ದಾಗ ಅತ್ತೆ ತಂದ ಆ ಒಂದು ತುತ್ತು ತಿಂದಿದ್ದರೆ ಏನಾಗಿಬಿಡುತ್ತಿತ್ತು? ಏನೂ ಆಗುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಸುಳ್ಳು ಯಾಕೆ ಹೇಳಲಿ... ಆ ಮಧ್ಯಾಹ್ನ ಮತ್ತೊಮ್ಮೆ ಬಂದು, ಅತ್ತೆ ಬಾಗಿಲಲ್ಲಿ ನಿಂತು, ಮಗಳು ಒಳಗೆ ಹೊಟ್ಟೆ ಹಿಡಿದು ಕುಳಿತಿದ್ದರೆ, ನಾನು ಮತ್ತೆ ಬಾಗಿಲು ಹಾಕುತ್ತೇನೆ.