ಪೆಟ್ರೋಲ್ ಟ್ಯಾಂಕಿಗೆ ಕೊಟ್ಟ ಕಂಬಳಿ

ಇವತ್ತು ನಮ್ಮ ಓಣಿಯ ಗ್ಯಾರೇಜಿನಲ್ಲಿ ಹಳೇ ಕಾಲದ ಕಾರೊಂದರ ಪೆಟ್ರೋಲ್ ಟ್ಯಾಂಕ್ ಇಳಿಸಿದ್ದರು. ಅದರಡಿಯ ಉಣ್ಣೆಯ ಮೆತ್ತೆ ಕಿತ್ತೆಸೆದಾಗ ಬಂದ ವಾಸನೆಗೆ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಪ್ಪ ಕುಷ್ಟಗಿಯ ಸಾಹುಕಾರರೊಬ್ಬರ ಕಾರಿನ ಡ್ರೈವರ್. ಟ್ಯಾಂಕಿಗೂ ಅದನ್ನು ಹೊತ್ತ ಕಬ್ಬಿಣದ ಪಟ್ಟಿಗೂ ನಡುವೆ ಮೆತ್ತೆ ಇರದಿದ್ದರೆ ಕೊಪ್ಪಳದ ಕಲ್ಲುದಾರಿಯಲ್ಲಿ ಟ್ಯಾಂಕ್ ಉಜ್ಜಿ ತೂತಾಗುತ್ತಿತ್ತು. ಎರಡನೇ ಮಹಾಯುದ್ಧದ ದಿನಗಳು, ಕಾರಿನ ಸಾಮಾನು ಸಿಗುತ್ತಿರಲಿಲ್ಲ. ಅಪ್ಪ ಕನಕಗಿರಿ ಸಂತೆಯಿಂದ ಹೊಸ ಕಂಬಳಿ ತಂದು ಕತ್ತರಿಸಿ ಹಾಕಿದ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದಿರುತ್ತಾರೆ ಎಂಬುದು ಅವನಿಗೆ ನೆನಪಾಗಲಿಲ್ಲ. ಗಂಜಿಯ ಆಸೆಗೆ ಇಲಿಗಳು ಮೆತ್ತೆಯನ್ನೇ ತಿಂದವು. ಟ್ಯಾಂಕ್ ದಾರಿಯುದ್ದಕ್ಕೂ ಸೋರಿತು.

"ಇನ್ನೊಮ್ಮೆ ಸೋರಿದ್ರ ಬ್ಯಾರೆ ಡ್ರೈವರ್‌ನ ನೋಡ್ತೀನಿ," ಎಂದರು ಸಾಹುಕಾರರು.

ಅವ್ವ ಬೈಯಲಿಲ್ಲ. ಮಕ್ಕಳೆಲ್ಲ ಹೊದೆಯುತ್ತಿದ್ದ ಹಳೇ ಕಂಬಳಿಯನ್ನು ತಂದು ಅಪ್ಪನ ಮುಂದೆ ಹಾಕಿದಳು.

"ಒಗದು ಒಗದು ಇದರಾಗ ಗಂಜಿ ಉಳದಿಲ್ಲ, ಇಲಿ ಮೂಸೂದೂ ಇಲ್ಲ. ಕಾಲಿನ ಕಡಿಂದ ಕೊಯ್ರಿ."

ಅಪ್ಪ ಕಾಲಿನ ಕಡೆಯಿಂದ ಒಂದು ಗೇಣು ಅಳೆದ. ಆಮೇಲೆ ಕೊಯ್ದ.

ಮೆತ್ತೆ ಸವೆದಾಗಲೆಲ್ಲ ನಮ್ಮ ಕಂಬಳಿ ಒಂದೊಂದು ಗೇಣು ಗಿಡ್ಡವಾಯಿತು. ನಾವೋ ಉದ್ದ ಬೆಳೆಯುತ್ತಿದ್ದೆವು. ಅಪ್ಪನ ಕೆಲಸ ಮಾತ್ರ ಉಳಿಯಿತು.

ಈಗ ಕಾಲು ಚಾಚಿದರೂ ಮಿಗುವಷ್ಟು ದೊಡ್ಡ ರಗ್ಗು ಇದೆ. ಆದರೂ ಮೊಣಕಾಲನ್ನು ಎದೆಗೆ ಒತ್ತಿಕೊಂಡೇ ಮಲಗುತ್ತೇನೆ.

"ಕಾಲು ನೋಯಂಗಿಲ್ಲೇನ್ರಿ ಅತ್ತಿ?" ಎಂದು ಸೊಸೆ ಕೇಳುತ್ತಾಳೆ.

ನೋಯುತ್ತವೆ. ಚಾಚಿ ಮಲಗುವುದು ನನಗೆ ಬರುವುದಿಲ್ಲ.