ಅಖ್ಮೀಮಿನ ಮಗ್ಗದ ಗುಂಡಿ

ಟೆಕ್ಸಾಸಿನ ಅರ್ಧ ನೆಲಕ್ಕೆ ತೂತು ಹಾಕಿಸಿದ್ದ ಮನುಷ್ಯ ತನ್ನ ಹಿತ್ತಲಲ್ಲಿ ಒಂದು ಗುಲಾಬಿ ಗಿಡ ನೆಡಲಿಕ್ಕೂ ಗುಂಡಿ ತೆಗೆಯಲು ಬಿಡುತ್ತಿರಲಿಲ್ಲ. ಮೆಕಿನ್ನಿ ಎಂಬ ಊರಿನ ನಬೀಲ್ ಸಾಹೇಬರ ಮನೆಯಲ್ಲಿ ಗುಲಾಬಿ, ಪುದೀನ, ನಿಂಬೆ, ಕೊನೆಗೆ ಒಂದು ಅಂಜೂರದ ಮರ ಕೂಡ ಕುಂಡದಲ್ಲೇ ಬೆಳೆದಿದ್ದವು. ಅವರ ಹೆಂಡತಿ ಸಾಮಿಯಾ, ಇಷ್ಟು ದೊಡ್ಡ ಹಿತ್ತಲಿದ್ದೂ ತಾನು ಬಾಲ್ಕನಿಯ ತೋಟ ಮಾಡಬೇಕಾಗಿದೆ ಎಂದು ನನ್ನ ಹೆಂಡತಿ ಸುಮಳ ಹತ್ತಿರ ಗೊಣಗುತ್ತಿದ್ದರು. ಸಾಹೇಬರು ಕೇಳಿಸಿಕೊಳ್ಳುತ್ತ ಚಹಾ ಕುಡಿಯುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಸಣ್ಣ ಮಣ್ಣು ಪರೀಕ್ಷೆಯ ಕಂಪನಿಗೆ ಸೇರಿದೆ. ಕಟ್ಟಡ ಏಳುವ ಮೊದಲು ಆ ಜಾಗದಲ್ಲಿ ಕೊಳವೆ ಇಳಿಸಿ, ಮಣ್ಣು ತೆಗೆದು, ಅದು ಎಷ್ಟು ಭಾರ ತಡೆದೀತು ಎಂದು ಹೇಳುವುದು ನಮ್ಮ ಕೆಲಸ. ಸಾಹೇಬರು ಅಲ್ಲಿ ಹಿರಿಯ ಎಂಜಿನಿಯರ್. ಎತ್ತರದ ಆಳು, ನೆಲ ನೋಡಿ ನೋಡಿ ಬೆನ್ನು ಸ್ವಲ್ಪ ಬಾಗಿತ್ತು. ಮೊದಲ ದಿನವೇ ಕರೆದು ಊರು ಯಾವುದೆಂದು ಕೇಳಿದರು. ಇಂಗ್ಲಿಷಿನಲ್ಲೇ ಕೇಳಿದರು. ಆದರೆ ಆ ಇಂಗ್ಲಿಷಿನ ಏರಿಳಿತ ನನ್ನ ಕಿವಿಗೆ ನಮ್ಮ ಬಾಗಲಕೋಟೆ ಕಡೆಯ ಮಾತಿನಂತೆಯೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

"ಬೆಂಗಳೂರು" ಎಂದೆ, ನಾವೆಲ್ಲ ಹೇಳುವ ಹಾಗೆ.

"ಅದು ವಿಮಾನ ಹತ್ತೂ ಊರು. ಹುಟ್ಟಿದ ಊರು ಹೇಳು ತಮ್ಮಾ."

ಐಹೊಳೆ ಎಂದೆ. ಅಲ್ಲಿ ಓಣಿ ಓಣಿಗೂ ಹಳೆಯ ಗುಡಿಗಳಿವೆ, ನಮ್ಮ ಅಡುಗೆಮನೆಯ ಹಿಂಗೋಡೆಯೇ ಚಾಲುಕ್ಯರ ಕಾಲದ ಗುಡಿಯ ಗೋಡೆಯಾಗಿತ್ತು, ಅಜ್ಜ ಅದರ ಮಂಟಪದಲ್ಲಿ ಎಮ್ಮೆ ಕಟ್ಟುತ್ತಿದ್ದ ಎಂದು ವಿವರಿಸಿದೆ. ಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. "ನೀ ನಮ್ಮಾಂವ" ಎಂದರು. ಅವತ್ತಿನಿಂದ ಆಫೀಸಿನಲ್ಲಿ ನನಗೆ ಒಬ್ಬ ಅಣ್ಣ ಸಿಕ್ಕಂತಾಯಿತು.

ಅವರ ಊರು ಅಖ್ಮೀಮ್. ಈಜಿಪ್ಟಿನ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ಒಂದು ದಡದಲ್ಲಿ ಸೊಹಾಗ್ ಪಟ್ಟಣ, ಎದುರು ದಡದಲ್ಲಿ ಇದು. ಫರೋಗಳ ಕಾಲದಿಂದಲೂ ನೇಕಾರರ ಊರು. ಹಳೆಯ ಊರಿನ ನೆತ್ತಿಯ ಮೇಲೆಯೇ ಈಗಿನ ಊರು ಕೂತಿದೆ. ಪಾಯ ತೆಗೆದಲ್ಲೆಲ್ಲ ಏನಾದರೊಂದು ಸಿಗುತ್ತದೆ. ಒಮ್ಮೆ ಶಾಲೆಗೆಂದು ಅಗೆಯುವಾಗ ಒಬ್ಬ ಫರೋನ ಮಗಳ ಕಲ್ಲಿನ ಪ್ರತಿಮೆ ಸಿಕ್ಕಿತು, ಮೂರಂತಸ್ತಿನ ಮನೆಯಷ್ಟು ಎತ್ತರದ್ದು. ಸಾಹೇಬರು ಅವಳನ್ನು "ನಮ್ಮ ಹುಡುಗಿ" ಎಂದೇ ಕರೆಯುತ್ತಿದ್ದರು.

"ಶಾಲಿ ಕಟ್ಟಾಕ ಹೋದ್ರು, ಹುಡುಗಿ ಎದ್ದು ಬಂದ್ಲು. ತುಟಿಗೆ ಹಚ್ಚಿದ ಕೆಂಪು ಇನ್ನೂ ಹೋಗಿದ್ದಿಲ್ಲ. ನಮ್ಮೂರ ಹೆಣ್ಣಮಕ್ಕಳು ಹಂಗ, ಎಷ್ಟು ವರ್ಷ ಮಲಗಿದ್ರೂ ಅಲಂಕಾರ ಕೆಡೂದಿಲ್ಲ."

ಯಾರಾದರೂ ಪಿರಮಿಡ್ ಬಗ್ಗೆ ಕೇಳಿದರೆ ಅವರಿಗೆ ಬೇಸರ. "ಅದು ಕೈರೋದವ್ರ ತಲಿಬ್ಯಾನಿ. ಎದುರಿಗೇ ನಿಂತೈತಿ, ಹುಡುಕೂದ ಬ್ಯಾಡ. ಅದರಾಗ ಏನ್ ಮಜಾ ಐತಿ?"

ಎಲ್ಲಿಗೆ ಹೋದರೂ ಅವರದು ಒಂದೇ ಪ್ರಶ್ನೆ: "ಕೆಳಗ ಯಾರದಾರ?" ಹ್ಯೂಸ್ಟನ್ನಿಗೆ ಕೆಲಸದ ಮೇಲೆ ಹೋದಾಗ ಪೇರ್‌ಲ್ಯಾಂಡಿನ ಗುಡಿಗೆ ಕರೆದೊಯ್ದೆ. ಗೋಪುರ ನೋಡಿ ಖುಷಿಪಟ್ಟು, ಪ್ರಸಾದದ ಪುಳಿಯೋಗರೆಯನ್ನು ಎರಡನೇ ಸಲ ಹಾಕಿಸಿಕೊಂಡು, ಮೆಲ್ಲಗೆ ನನ್ನ ಕಿವಿಯಲ್ಲಿ ಅದನ್ನೇ ಕೇಳಿದರು. ಹುಲ್ಲುಗಾವಲಿತ್ತಂತೆ, ಯಾರೂ ಇಲ್ಲ ಎಂದೆ. "ಪಾಪ, ನಿಮ್ಮ ದೇವರಿಗೆ ಮನ್ಯಾಗ ಹಿರಿಯರಿಲ್ಲ" ಎಂದು ಮರುಗಿದರು. ಮರುದಿನ ಅಲ್ಲಿನ ಒಂದು ವಸ್ತುಸಂಗ್ರಹಾಲಯದಲ್ಲಿ ಜನವೆಲ್ಲ ಮಮ್ಮಿಯ ಪೆಟ್ಟಿಗೆಗೆ ಮುತ್ತಿಕೊಂಡಿದ್ದರೆ, ಇವರು ಮೂಲೆಯಲ್ಲಿದ್ದ ಅಂಗೈಯಗಲದ ಹಳೆಯ ಬಟ್ಟೆಯ ತುಂಡಿನ ಮುಂದೆ ನಿಂತಿದ್ದರು. ಅಖ್ಮೀಮಿನದು. ಅದಕ್ಕೆ ಅರಬ್ಬಿಯಲ್ಲಿ ಕುಶಲ ಕೇಳಿದರು, ನನ್ನ ಕಡೆ ತಿರುಗಿ "ಇಕಿಗೆ ವೀಸಾ ಯಾರು ಕೊಟ್ರೋ" ಎಂದರು.

ಹಿತ್ತಲಲ್ಲಿ ಒಂದು ಈಜುಕೊಳ ಆಗಲೇಬೇಕೆಂದು ಸಾಮಿಯಾ ಒಂದು ಬೇಸಿಗೆ ಹಟ ಹಿಡಿದರು. ಆ ಬಿಸಿಲಿಗೆ ಯಾರಾದರೂ ಹಟ ಹಿಡಿಯುವುದೇ. ಸಾಹೇಬರು ಸೋತರು. ಆದರೆ ರಜೆ ಹಾಕಿ, ಛತ್ರಿ ಕಟ್ಟಿದ ಕುರ್ಚಿಯಲ್ಲಿ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಅಗೆಯುವ ಯಂತ್ರದ ಪಕ್ಕದಲ್ಲೇ ಕೂತರು. ಮಣ್ಣಿನ ಪ್ರತಿ ಹೆಂಟೆಗೂ ಕೈ ಎತ್ತಿ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ನನಗೆ ಫೋನ್ ಬಂತು.

"ತಮ್ಮಾ, ಲಗೂನ ಬಾ. ಬ್ರಷ್ ತಗೊಂಡ ಬಾ. ಯಾರೋ ಅದಾರ."

ಗೋಡೆಗೆ ಬಣ್ಣ ಬಳಿಯುವ ಬ್ರಷ್ ಹಿಡಿದು ಓಡಿದೆ. ಗುಂಡಿಯ ತಳದಲ್ಲಿ ಬಿಳಿ ಕಲ್ಲು, ಹಾಸಿದಂತೆ ಚಪ್ಪಟೆ. ಯಂತ್ರ ನಡೆಸುವವನು ಬೇಸತ್ತು ತನ್ನ ಟ್ರಕ್ಕಿನಲ್ಲಿ ನಿದ್ದೆ ಹೋಗಿದ್ದ. ನಾವಿಬ್ಬರೂ ಮಂಡಿಯೂರಿ ಮಣ್ಣು ಸವರತೊಡಗಿದೆವು. ನಾನೂ ನಂಬಿಬಿಟ್ಟಿದ್ದೆ, ಸುಳ್ಳೇಕೆ ಹೇಳಲಿ. ಕೊನೆಗೆ ಕಲ್ಲಿನಲ್ಲಿ ಹೂತಿದ್ದ ಒಂದು ಕಪ್ಪೆಚಿಪ್ಪು ಕಣ್ಣಿಗೆ ಬಿತ್ತು. ನಾವು ಮುಖ ಮುಖ ನೋಡಿಕೊಂಡೆವು. ಆ ಕಡೆ ಕಪ್ಪು ಜೇಡಿಯ ಕೆಳಗೆ ಸುಣ್ಣಕಲ್ಲಿನ ಪದರ ಇರುತ್ತದೆ ಎಂದು ನಾವಿಬ್ಬರೂ ಸಹಿ ಹಾಕಿದ ವರದಿಗಳು ಆಫೀಸಿನಲ್ಲಿ ರಾಶಿ ಬಿದ್ದಿದ್ದವು. ಬಟ್ಟೆಯೆಲ್ಲ ಮಣ್ಣಾಗಿ, ಗುಂಡಿಯೊಳಗೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅವರು ಚಿಪ್ಪನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು ಹೇಳಿದರು: "ಇಲ್ಲೆ ಕೆಳಗ ಯಾರೂ ಇಲ್ಲ. ನಮ್ಮೂರ ಮನಿ ಕೆಳಗ ಅದಾರ."

ಅಖ್ಮೀಮಿನ ಅವರ ಮನೆಯಲ್ಲಿ ಅಕ್ಕ ನಗ್ವಾ ಇದ್ದರು. ಸಾಹೇಬರು ಕಾಲೇಜಿನಲ್ಲಿದ್ದಾಗ ಆಕೆಗೆ ಕುಣಿಮಗ್ಗ ಹೂಡಲೆಂದು ತಂದೆ ನೆಲ ಅಗೆದರಂತೆ. ಕುಣಿಮಗ್ಗ ನನಗೂ ಗೊತ್ತು, ನಮ್ಮ ಗುಳೇದಗುಡ್ಡದಲ್ಲಿ ಮನೆ ಮನೆಯಲ್ಲೂ ಇತ್ತು. ನೇಕಾರ ನೆಲದ ಮೇಲೆ ಕೂತು ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಣೆ ತುಳಿಯುತ್ತಾನೆ. ಗುಂಡಿ ಅರ್ಧ ಆಗುವಾಗ ಕಲ್ಲಿನ ಬೆರಳುಗಳು ಕಂಡವು. ಒಂದೊಂದೂ ಮನುಷ್ಯನ ತೋಳಿನಷ್ಟು ದಪ್ಪ. ಹೇಳಿದರೆ ಸರ್ಕಾರ ಮನೆ ಬಿಡಿಸಿ ಊರಾಚೆ ಕಳಿಸುತ್ತದೆ. ಊರು ಮಲಗಿದ್ದ ಉರಿಬಿಸಿಲಿನ ಹೊತ್ತಿನಲ್ಲಿ ಅಪ್ಪ, ಮಗ ಸೇರಿ ಬೆರಳುಗಳ ಮೇಲೆ ಮರಳು ಮುಚ್ಚಿ, ಅರ್ಧ ಗುಂಡಿಗೇ ಮಗ್ಗ ಹೂಡಿದರು. ಅಕ್ಕ ಅಂದಿನಿಂದ ಮಂಡಿ ಮಡಚಿಕೊಂಡೇ ನೇಯುತ್ತಿದ್ದರು. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ನನಗೆ ಹೀಗೇ ರೂಢಿ ಎನ್ನುತ್ತಿದ್ದರಂತೆ.

ಕೊಳದಲ್ಲಿ ನೀರು ತುಂಬಿ ಒಂದೆರಡು ವರ್ಷವಾಗಿರಬೇಕು. ಒಂದು ದಿನ ಊಟದ ಹೊತ್ತಿನಲ್ಲಿ ಸಾಹೇಬರಿಗೆ ಅಕ್ಕನ ಫೋನ್ ಬಂತು. ಮಗ್ಗದ ಗುಂಡಿ ತೇವವಾಗುತ್ತಿದೆ, ನೂಲಿಗೆ ಬೂಷ್ಟು ಬರುತ್ತಿದೆ ಎಂದು. ಊರಿನ ಕೆಳಗೆ ಅಂತರ್ಜಲ ಏರುತ್ತಿತ್ತು. ಸಾಹೇಬರು ಊಟದ ಡಬ್ಬಿ ಮುಚ್ಚಿಟ್ಟರು. ಅಲ್ಲಿಯದು ಉಪ್ಪು ನೀರು, ಬೆರಳುಗಳದು ಸುಣ್ಣಕಲ್ಲು. ಎರಡೂ ಕೂಡಿದರೆ ಕಲ್ಲು ಪುಡಿಯಾಗಿ ಉದುರುತ್ತದೆಂದು ನಮ್ಮ ವೃತ್ತಿಯವರಿಗೆ ಬೇರೆ ಹೇಳಬೇಕಿಲ್ಲ. ಈಗಲಾದರೂ ಸರ್ಕಾರಕ್ಕೆ ತಿಳಿಸೋಣ ಎಂದು ಅಕ್ಕನಿಗೆ ಹೇಳಿದರು. ಆಕೆಯ ಉತ್ತರವನ್ನು ನನಗೆ ಒಪ್ಪಿಸಿದರು: "ಅಪ್ಪ ಮುಚ್ಚಿದ್ದನ್ನ ನೀ ತೆಗೀತೀ? ನನ್ನ ಮಗ್ಗ ಎಲ್ಲಿ ಹೂಡ್ಲಿ?"

ಅವರಿಗೂ ಆ ಮನೆ ಬೇಕಿತ್ತು. ನಿವೃತ್ತರಾದ ಮೇಲೆ ಅಲ್ಲೇ ಇರಬೇಕೆಂದು ಮಾಳಿಗೆಯ ಮೇಲೆ ನದಿ ಕಾಣುವ ಒಂದು ಕೋಣೆ ಕಟ್ಟಿಸಿದ್ದರು. ಮಣ್ಣು ಮುಟ್ಟಿದೊಡನೆ ತೀರ್ಪು ಕೊಡುತ್ತಿದ್ದ ಮನುಷ್ಯ ಅನೇಕ ದಿನ ಮಂಕಾಗಿ ಓಡಾಡಿದರು. ಒಂದು ದಿನ ಎಲ್‌ಬಿಜೆ ಫ್ರೀವೇಯಲ್ಲಿ ಡ್ರೈವ್ ಮಾಡುತ್ತಿದ್ದಾಗ ಕೇಳಿದರು.

"ಗುಡಿ ಸಲುವಾಗಿ ಸರ್ಕಾರದವ್ರು ನಿಮ್ಮ ಮನಿನೂ ತೆಗೆಸಿದ್ರಲ್ಲ ತಮ್ಮಾ. ನಿಮ್ಮವ್ವ ಏನ್ ಮಾಡಿದ್ರು?"

"ಹೊಸ ಮನ್ಯಾಗ ಬಾಳ ದಿನ ಯಾರ ಜೋಡಿನೂ ಮಾತಾಡಲಿಲ್ರಿ. ಅಣ್ಣ, ಅತ್ತಿಗಿ ಸಾಕಾಗಿ ಹೋದ್ರು. ಈಗ ದಿನಾ ಸಂಜಿಕ ಗುಡಿಗೆ ಹೋಗಿ ಅದ ಗ್ವಾಡಿಗೆ ಬೆನ್ನ ಹಚ್ಚಿ ಕೂಡ್ತಾಳ್ರಿ. ಕಾವಲಿನವ ಜಾಗ ಬಿಡ್ತಾನ. ಪ್ಯಾಟಿಯಿಂದ ನೋಡಾಕ ಬಂದವರಿಗೆ, ಇದು ನಮ್ಮ ಅಡಗಿಮನಿ ಗ್ವಾಡಿ, ಚಪ್ಪಲ್ ಬಿಟ್ಟು ಬರ್ರಿ ಅಂತಾಳ."

ಸಾಹೇಬರು ಕಾರನ್ನು ಪಕ್ಕಕ್ಕೆ ಇಳಿಸಿ ನಿಲ್ಲಿಸಿದರು. ಬಹಳ ದಿನಗಳ ಮೇಲೆ ಅವರ ಹಳೆಯ ನಗು ಕಂಡಿತು. "ಹಂಗಂದ್ರ ಜಾಗ ಹೋಗೂದಿಲ್ಲ. ಸೂರು ಹೋಗತೈತಿ, ಅಷ್ಟ."

ಸರ್ಕಾರಕ್ಕೆ ತಾವೇ ತಿಳಿಸಲೆಂದು ಮರುವಾರವೇ ಊರಿಗೆ ಹೊರಟರು. ಡಲ್ಲಾಸ್ ವಿಮಾನ ನಿಲ್ದಾಣಕ್ಕೆ ನಾನೂ ಸುಮಳೂ ಬಿಡಲು ಹೋಗಿದ್ದೆವು. ಸುಮ ಚಕ್ಕುಲಿಯ ಡಬ್ಬಿ ಕೊಟ್ಟು, "ಅಕ್ಕಂಗೆ ಕೊಡಿ ಸಾರ್, ಅವರನ್ನ ಗದರಬೇಡಿ" ಎಂದಳು. ಸಾಹೇಬರು ಆ ಕಪ್ಪೆಚಿಪ್ಪನ್ನು ನನ್ನ ಕೈಯಲ್ಲಿಟ್ಟರು. "ನಿಮ್ಮವ್ವಗ ಹೇಳು, ಅಖ್ಮೀಮಿನವ ಒಬ್ಬ ಆಕಿ ಮಾತು ಕೇಳಿ ತನ್ನ ಮನಿ ಕೆಡವಾಕ ಹೋಗ್ಯಾನ ಅಂತ." ಆಮೇಲೆ ನಿಲ್ದಾಣದ ಹೊಳೆಯುವ ನೆಲವನ್ನು ದಿಟ್ಟಿಸಿದರು. "ಕೆಳಗ ಯಾರದಾರ ಅಂತ ನೋಡಿ ಕಟ್ಯಾರೇನು ಇವ್ರು?" ಎಂದು ಗೊಣಗುತ್ತ ಒಳಗೆ ಹೋದರು. ಅದೇ ಕೊನೆಯ ಭೇಟಿ. ಸಾಹೇಬರು ತಿರುಗಿ ಬರಲಿಲ್ಲ. ಸಾಮಿಯಾ ಮನೆ ಮಾರಿ ತಾವೂ ಈಜಿಪ್ಟಿಗೆ ಹೋದರು. ಈಗ ಆ ಕೊಳದಲ್ಲಿ ಬೇರೆ ಯಾರೋ ಈಜುತ್ತಾರೆ. ಗುಲಾಬಿಗಳು ಮಾತ್ರ ನಮ್ಮ ಬಾಗಿಲಲ್ಲಿವೆ, ಕುಂಡಗಳಲ್ಲೇ. ನೆಲದಲ್ಲಿ ನೆಡಲು ನನಗೆ ಮನಸ್ಸಾಗಲಿಲ್ಲ.

ಬಹಳ ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸಾಹೇಬರ ಫೋನ್ ಬಂತು. ಧ್ವನಿ ಗಟ್ಟಿಯಾಗಿತ್ತು. ಮನೆ ಕೆಡವಿಯಾಯಿತು, ಮಣಿಕಟ್ಟಿನವರೆಗೆ ಕೈ ಹೊರಗೆ ಬಂದಿದೆ, ಕಲ್ಲು ಗಟ್ಟಿಯಾಗಿಯೇ ಇದೆ, ಆದರೆ ತೋಳು ಪಕ್ಕದ ಮನೆಯ ಕೆಳಗೆ ಹೋಗಿದೆ ಎಂದರು. ಪಕ್ಕದ ಮನೆಯವನು ಮಾತು ಬಿಟ್ಟಿದ್ದಾನಂತೆ. "ಬಿಡಲಿ. ನಾ ಮಾತ್ರ ದಿನಾ ಅವನ ಮನಿಗೆ ಚಾ ಕುಡ್ಯಾಕ ಹೋಗ್ತೀನಿ. ಎಷ್ಟ ದಿನ ಸಿಟ್ಟ ಮಾಡ್ತಾನ?"

ಕೇಳಲೋ ಬೇಡವೋ ಎಂದುಕೊಂಡೇ ಕೇಳಿದೆ, ಅಕ್ಕ ಹೇಗಿದ್ದಾರೆ ಎಂದು.

"ಊರಾಚೆ ಮನಿ ಕೊಟ್ಟಾರ ತಮ್ಮಾ. ಅಲ್ಲೆ ನಾನ ನನ್ನ ಕೈಯಾರೆ ಗುಂಡಿ ತೋಡೀನಿ. ಕೆಳಗ ಯಾರೂ ಇದ್ದಿಲ್ಲ. ಪೂರಾ ಆಳ ತೋಡೀನಿ. ಅಕ್ಕ ಬಂದು ಕೂತ್ಲು, ಕಾಲು ಇಳಿಬಿಟ್ಲು."

"ಏನಂದ್ರು?"

"ಬಾಳ ಹೊತ್ತು ಹಂಗ ಕಾಲು ಆಡಿಸಿಕೋತ ಕೂತ್ಲು. ಆಮ್ಯಾಲ ನೇಯಾಕ ಸುರು ಮಾಡಿದ್ಲು."